ಪಂಕ್ತಿಯಲ್ಲಿ ಯಾರ ಎಲೆ? ಅರ್ಥಶಾಸ್ತ್ರದ ಬಹುತ್ವವೂ ಜಾತಿಯ ಲೆಕ್ಕವೂ

ಬಹುತ್ವ ಎಂಬ ಮಾತು ನಮ್ಮ ವಿಚಾರ ಸಂಕಿರಣಗಳಲ್ಲಿ ಉಪ್ಪಿನ ಹಾಗೆ ಎಲ್ಲದಕ್ಕೂ ಬೀಳುತ್ತದೆ. ಭಾಷೆಯ ಬಹುತ್ವ, ಸಂಸ್ಕೃತಿಯ ಬಹುತ್ವ, ರಾಮಾಯಣಗಳ ಬಹುತ್ವ ಎಂದೆಲ್ಲ ಕೇಳಿ ಅಭ್ಯಾಸವಾದ ನಮಗೆ ಅರ್ಥಶಾಸ್ತ್ರದ ಬಹುತ್ವ ಎಂಬುದು ಮಾತ್ರ ತಡವಾಗಿ ಬಂದು ತಲುಪಿದೆ. ಪಶ್ಚಿಮದಲ್ಲಿ ಅದರ ಕಥೆ ಹೀಗಿದೆ. 1992ರಲ್ಲಿ 'ಅಮೆರಿಕನ್ ಎಕನಾಮಿಕ್ ರಿವ್ಯೂ' ಪತ್ರಿಕೆಯಲ್ಲಿ 44 ಮಂದಿ ಅರ್ಥಶಾಸ್ತ್ರಜ್ಞರು ಸಹಿ ಮಾಡಿದ ಮನವಿಯೊಂದು ಅಚ್ಚಾಯಿತು. ಒಂದೇ ಪಂಥದ ಯಜಮಾನಿಕೆ ಸಾಕು, ಬೇರೆ ವಿಧಾನಗಳಿಗೂ ಜಾಗ ಬಿಡಿ ಎಂಬುದು ಅದರ ಸಾರ. ಸಹಿ ಮಾಡಿದವರಲ್ಲಿ ಪಾಲ್ ಸ್ಯಾಮುಯೆಲ್ಸನ್, ಹರ್ಬರ್ಟ್ ಸೈಮನ್, ಯಾನ್ ಟಿಂಬರ್ಗೆನ್‌ರಂಥ ನೊಬೆಲ್ ಪಡೆದವರೂ ಇದ್ದರು. 2000ದಲ್ಲಿ ಫ್ರಾನ್ಸಿನ ವಿದ್ಯಾರ್ಥಿಗಳು ತಮ್ಮ ಪಠ್ಯಕ್ಕೂ ಬೀದಿಯ ಬದುಕಿಗೂ ಸಂಬಂಧವೇ ಇಲ್ಲವೆಂದು ತಕರಾರು ತೆಗೆದರು. 2014ರಲ್ಲಿ ಹಲವು ದೇಶಗಳ ವಿದ್ಯಾರ್ಥಿ ಸಂಘಗಳು ಒಟ್ಟಾಗಿ ಬಹಿರಂಗ ಪತ್ರ ಬರೆದವು. ಮಾರ್ಕ್ಸ್, ಕೇನ್ಸ್, ಸ್ತ್ರೀವಾದ, ಪರಿಸರ, ಸಾಂಸ್ಥಿಕ ಪಂಥ, ಎಲ್ಲವನ್ನೂ ಕಲಿಸಿ ಎಂಬುದು ಅವರ ಒತ್ತಾಯ.

ಒತ್ತಾಯ ನ್ಯಾಯವಾದದ್ದೇ. ಆದರೆ ಪಂಕ್ತಿಯ ಕಥೆ ಗೊತ್ತಿರುವ ನಾವು ಎಲೆಗಳ ಸಂಖ್ಯೆ ಎಣಿಸಿ ಸುಮ್ಮನಾಗುವವರಲ್ಲ. ದೇವಸ್ಥಾನದ ಚಂದ್ರಶಾಲೆಯಲ್ಲೂ ನೂರಾರು ಎಲೆ ಹಾಕಿರುತ್ತಾರೆ. ಯಾರು ಒಳಗೆ ಕೂತರು, ಯಾರಿಗೆ ಎರಡನೇ ಪಂಕ್ತಿ, ಉಂಡ ಎಲೆ ತೆಗೆಯುವವರು ಯಾರು ಎಂಬುದೇ ಅಲ್ಲಿ ಪ್ರಶ್ನೆ. ಹದಿನೆಂಟು ಜಾತಿ, ಹದಿನೆಂಟು ಕೇರಿ ಇರುವ ನಮ್ಮ ಊರಿಗಿಂತ ದೊಡ್ಡ ಬಹುತ್ವ ಯಾವುದಿದೆ ಹೇಳಿ? ಆರು ದರ್ಶನಗಳು ಪರಸ್ಪರ ವಾದ ಮಾಡುತ್ತಾ ಸಾವಿರಾರು ವರ್ಷ ಒಟ್ಟಿಗೆ ಬಾಳಿದವು ಎಂದು ಹೆಮ್ಮೆ ಪಡುವವರು, ಆ ವಾದ ನಡೆಯುತ್ತಿದ್ದ ಜಗಲಿಯ ಕೆಳಗೆ ನಿಂತಿದ್ದವರ ಬಗ್ಗೆ ಏನೂ ಹೇಳುವುದಿಲ್ಲ. ಆದ್ದರಿಂದ ಅರ್ಥಶಾಸ್ತ್ರದ ಬಹುತ್ವವನ್ನೂ ಅದರ ಇತಿಹಾಸದಿಂದಲೇ ವಿಚಾರಿಸಬೇಕಾಗಿದೆ.

ಭಾರತದಲ್ಲಿ ಈ ಬೇಡಿಕೆ 1992ರದ್ದಲ್ಲ. ಅದಕ್ಕೆ ಸರಿಯಾಗಿ ನೂರು ವರ್ಷ ಹಿಂದೆ, 1892ರಲ್ಲಿ, ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಮಹಾದೇವ ಗೋವಿಂದ ರಾನಡೆ ಭಾರತೀಯ ಅರ್ಥಶಾಸ್ತ್ರದ ಬಗ್ಗೆ ಉಪನ್ಯಾಸ ಕೊಟ್ಟರು. ರಿಕಾರ್ಡೊ, ಮಿಲ್‌ರ ನಿಯಮಗಳು ಎಲ್ಲ ದೇಶಕ್ಕೂ ಎಲ್ಲ ಕಾಲಕ್ಕೂ ಸಲ್ಲುವಂಥವಲ್ಲ ಎಂಬುದು ಅವರ ವಾದ. ತನ್ನ ಲಾಭವನ್ನಷ್ಟೇ ನೋಡುವ, ಮನಸ್ಸು ಬಂದಲ್ಲಿಗೆ ಹೋಗಿ ದುಡಿಯುವ, ಯಾರ ಜೊತೆಗಾದರೂ ಕರಾರು ಮಾಡಿಕೊಳ್ಳುವ ಒಂಟಿ ಮನುಷ್ಯ ಇಲ್ಲಿ ಇಲ್ಲವೇ ಇಲ್ಲ. ಇಲ್ಲಿ ಕುಟುಂಬ ದೊಡ್ಡದು, ಜಾತಿ ದೊಡ್ಡದು, ರೂಢಿ ದೊಡ್ಡದು. ಇಂಗ್ಲೆಂಡಿನ ಮುಕ್ತ ವ್ಯಾಪಾರದ ಸಿದ್ಧಾಂತ ಈ ನೆಲದ ಕಸುಬುಗಳನ್ನು ನುಂಗುತ್ತಿದ್ದ ಕಾಲದಲ್ಲಿ ಜರ್ಮನಿಯ ಚಾರಿತ್ರಿಕ ಪಂಥದ ಕಡೆ ತಿರುಗಿ, ಪ್ರಭುತ್ವ ಕೈಗಾರಿಕೆಗೆ ಬೆಂಬಲ ಕೊಡಬೇಕು ಎಂದು ಕೇಳಿದ್ದು ಸಣ್ಣ ಸಾಹಸವಲ್ಲ. ಆದರೆ ಈ ವಾದದಲ್ಲಿ ಜಾತಿ ಮಾಡುವ ಕೆಲಸ ಯಾವುದು ನೋಡಿ. ಅದು ಸಾಕ್ಷಿಕಟ್ಟೆಗೆ ಬಂದು ರಿಕಾರ್ಡೊ ತಪ್ಪು ಎಂದು ಹೇಳಿಕೆ ಕೊಟ್ಟು ಮನೆಗೆ ಹೋಗುತ್ತದೆ. ಒಮ್ಮೆಯೂ ಆರೋಪಿಯ ಕಟಕಟೆಯಲ್ಲಿ ನಿಲ್ಲುವುದಿಲ್ಲ. ರಾನಡೆಯವರು ಸಮಾಜ ಸುಧಾರಕರೂ ಹೌದು, ಅದನ್ನು ಮರೆಯಬಾರದು. ಆದರೆ ಅವರ ಸುಧಾರಣೆ ಒಂದು ಚಪ್ಪರದಲ್ಲಿ, ಅರ್ಥಶಾಸ್ತ್ರ ಇನ್ನೊಂದು ಚಪ್ಪರದಲ್ಲಿ. 1895ರ ಪುಣೆ ಕಾಂಗ್ರೆಸ್ಸಿನಲ್ಲಿ ಸುಧಾರಣೆಯ ಸಭೆಗೆ ಕಾಂಗ್ರೆಸ್ ಪೆಂಡಾಲನ್ನು ಕೊಡಕೂಡದೆಂದು ಗಲಾಟೆಯಾದಾಗ ಆ ಎರಡು ಚಪ್ಪರ ಕಣ್ಣಿಗೇ ಕಾಣುವ ಹಾಗೆ ಬೇರೆಯಾದವು.

ಮುಂದಿನ ತಲೆಮಾರಿನಲ್ಲಿ ಜಾತಿ ಸಾಕ್ಷಿಯಾಗಿಯೂ ಉಳಿಯಲಿಲ್ಲ, ಮಾನ್ಯ ಅತಿಥಿಯಾಯಿತು. 1916ರಲ್ಲಿ ರಾಧಾಕಮಲ ಮುಖರ್ಜಿಯವರು ಭಾರತೀಯ ಅರ್ಥಶಾಸ್ತ್ರದ ಬುನಾದಿಯನ್ನು ಕುರಿತು ಬರೆದ ಪುಸ್ತಕದಲ್ಲಿ ಅವಿಭಕ್ತ ಕುಟುಂಬ, ಜಾತಿ, ಹಳ್ಳಿಯ ಕಸುಬುದಾರರ ಸಹಬಾಳ್ವೆಯೆಲ್ಲ ಪಶ್ಚಿಮದ ಪೈಪೋಟಿಗೆ ಎದುರಾಗಿ ನಿಲ್ಲುವ ನಮ್ಮದೇ ಮಾದರಿಯಾಗಿ ಕಾಣುತ್ತವೆ. ಅವರದ್ದು ಒಂದು ಅರ್ಥಶಾಸ್ತ್ರ, ನಮ್ಮದು ಇನ್ನೊಂದು ಎಂಬ ಈ ಬಹುತ್ವ ವಸಾಹತುಶಾಹಿಗೆ ಕೊಟ್ಟ ಉತ್ತರ ನಿಜ. ಆದರೆ ಊರ ಹೊರಗಿನವನಿಗೆ ಅದು ಕೊಟ್ಟ ಉತ್ತರವೇನು?

ಅದೇ 1916ರ ಮೇ 9ರಂದು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ, ಗೋಲ್ಡನ್‌ವೈಸರ್ ಅವರ ಮಾನವಶಾಸ್ತ್ರದ ತರಗತಿಯಲ್ಲಿ, 25 ವರ್ಷದ ಭೀಮರಾವ್ ಅಂಬೇಡ್ಕರ್ ಭಾರತದ ಜಾತಿಗಳ ಬಗ್ಗೆ ಪ್ರಬಂಧ ಓದಿದರು. ಬರೋಡ ಮಹಾರಾಜರ ವಿದ್ಯಾರ್ಥಿವೇತನದ ಮೇಲೆ 1913ರಲ್ಲಿ ಹೋಗಿದ್ದ ಈ ಹುಡುಗ ಓದುತ್ತಿದ್ದದ್ದು ಅರ್ಥಶಾಸ್ತ್ರ. ಪ್ರಬಂಧ ಓದಿದ್ದು ಮಾನವಶಾಸ್ತ್ರದಲ್ಲಿ. ಒಳಜಾತಿಯಲ್ಲೇ ಮದುವೆ ಎಂಬ ನಿಯಮವೇ ಜಾತಿಯ ಜೀವ ಎಂದು ಹಿಡಿದುಕೊಂಡು, ಆ ನಿಯಮ ಮುರಿಯದ ಹಾಗೆ ಗಂಡು ಹೆಣ್ಣಿನ ಸಂಖ್ಯೆಯನ್ನು ಸರಿದೂಗಿಸಲು ಸತಿ, ವಿಧವೆಯರ ಮೇಲಿನ ಕಟ್ಟು, ಬಾಲ್ಯವಿವಾಹ ಹೇಗೆ ಉಪಾಯಗಳಾದವು ಎಂದು ಅವರು ಲೆಕ್ಕ ಹಾಕುತ್ತಾರೆ. ಮನುಷ್ಯರನ್ನೇ 'ಹೆಚ್ಚುವರಿ' ಎಂದು ಎಣಿಸುವ ಒಂದು ಸಮಾಜದ ಜಮಾಖರ್ಚನ್ನು ಬಿಡಿಸಿಟ್ಟ ಬರಹ ಅದು. ಒಂದು ಗುಂಪು ಬಾಗಿಲು ಹಾಕಿಕೊಂಡಾಗ ಉಳಿದವು ಅನುಕರಣೆಯಿಂದಲೂ ಬಹಿಷ್ಕಾರದಿಂದಲೂ ಬೇರೆ ಬೇರೆ ಜಾತಿಗಳಾದ ಬಗೆಯನ್ನೂ ಅದು ಹೇಳುತ್ತದೆ. ಮುಖರ್ಜಿಯವರ ಪುಸ್ತಕದಲ್ಲಿ ಸಹಬಾಳ್ವೆಯ ಹೆಸರು ಪಡೆದದ್ದು ಇಲ್ಲಿ ಯಂತ್ರವಾಗಿ, ತಿರುಪು ತಿರುಪಾಗಿ ಬಿಚ್ಚಿಕೊಳ್ಳುತ್ತದೆ. ಎರಡೂ ಒಂದೇ ವರ್ಷದ್ದು.

ಇದು ಹೇಗೆ ಸಾಧ್ಯವಾಯಿತು ಅಂತ ಕೇಳಬೇಕು. ಪ್ರತಿಭೆ ಎಂದು ಕೈಮುಗಿದು ಸುಮ್ಮನಾಗುವುದು ಭಕ್ತರ ಕೆಲಸ. ಆ ಕಾಲದ ಕೊಲಂಬಿಯಾದಲ್ಲಿ ಅರ್ಥಶಾಸ್ತ್ರ ಇನ್ನೂ ಒಂದೇ ಆಗಿರಲಿಲ್ಲ. ಅಂಬೇಡ್ಕರ್ ಅವರ ಗುರು ಎಡ್ವಿನ್ ಸೆಲಿಗ್ಮನ್, 1885ರಲ್ಲಿ ಅಮೆರಿಕದ ಅರ್ಥಶಾಸ್ತ್ರ ಸಂಘ ಕಟ್ಟಿದವರಲ್ಲಿ ಒಬ್ಬರು, ಜರ್ಮನ್ ಚಾರಿತ್ರಿಕ ಪಂಥವನ್ನು ಬಲ್ಲವರು. ಇತಿಹಾಸದ ಆರ್ಥಿಕ ವ್ಯಾಖ್ಯಾನದ ಬಗ್ಗೆ 1902ರಲ್ಲೇ ಪುಸ್ತಕ ಬರೆದು, ಆರ್ಥಿಕ ಕಾರಣ ಮುಖ್ಯ, ಆದರೆ ಅದೊಂದೇ ಅಲ್ಲ ಎಂಬ ನೆಲೆಯಲ್ಲಿ ನಿಂತವರು. ಪಕ್ಕದ ಕೊಠಡಿಯಲ್ಲಿ ಜಾನ್ ಡ್ಯೂಯಿ ತತ್ವಶಾಸ್ತ್ರ ಹೇಳುತ್ತಿದ್ದರು. ಆಮೇಲೆ ಲಂಡನ್ನಿನಲ್ಲಿ ಸಿಕ್ಕ ಎಡ್ವಿನ್ ಕ್ಯಾನನ್ ಇನ್ನೊಂದೇ ಬಗೆಯವರು, ಆಡಂ ಸ್ಮಿತ್‌ನ ಗ್ರಂಥವನ್ನು ಸಂಪಾದಿಸಿದ ಸಂಪ್ರದಾಯಸ್ಥರು. ಅಂಬೇಡ್ಕರ್ ಬಹುತ್ವ ಬೇಕೆಂದು ಮನವಿ ಬರೆಯಲಿಲ್ಲ. ಅದರೊಳಗೇ ಈಜು ಕಲಿತರು.

ಅವರ ಬರಹದಲ್ಲಿ ಅದರ ಗುರುತು ಸ್ಪಷ್ಟ. 1923ರಲ್ಲಿ ರೂಪಾಯಿಯ ಸಮಸ್ಯೆ ಕುರಿತು ಬರೆದ ಗ್ರಂಥದಲ್ಲಿ ಕೇನ್ಸ್ ಸಮರ್ಥಿಸಿದ್ದ ಚಿನ್ನದ ವಿನಿಮಯ ಪ್ರಮಾಣವನ್ನು ಅವರು ಎದುರಿಸುವುದು ಕಟ್ಟಾ ಸಾಂಪ್ರದಾಯಿಕ ಹಣಶಾಸ್ತ್ರದ ಅಸ್ತ್ರ ಹಿಡಿದೇ. ಮುನ್ನುಡಿ ಬರೆದ ಕ್ಯಾನನ್ ಶಿಷ್ಯನ ಕೆಲವು ವಾದಗಳನ್ನು ತಾನು ಒಪ್ಪುವುದಿಲ್ಲವೆಂದು ಅಲ್ಲೇ ಹೇಳಿಬಿಟ್ಟಿದ್ದಾರೆ. (ನಮ್ಮಲ್ಲಿ ಇಂಥ ಮುನ್ನುಡಿ ಬರೆಸಿಕೊಳ್ಳುವ ಧೈರ್ಯ ಯಾರಿಗಿದೆ?) ಪ್ರಾಂತಗಳ ಹಣಕಾಸಿನ ಬಗ್ಗೆ ಬರೆಯುವಾಗ ಇತಿಹಾಸ ಅವರ ವಿಧಾನ. 1918ರಲ್ಲಿ ತುಂಡು ಹಿಡುವಳಿಗಳ ಬಗ್ಗೆ ಬರೆದ ಲೇಖನದಲ್ಲಿ ಎಲ್ಲರೂ ಹೊಲದ ಅಳತೆಯನ್ನು ದೂರುತ್ತಿದ್ದಾಗ ಇವರು ಪ್ರಶ್ನೆಯನ್ನೇ ತಿರುಗಿಸಿದರು. ಹಿಡುವಳಿ ಸಣ್ಣದೋ ದೊಡ್ಡದೋ ಎಂಬುದು ಎಕರೆಯಿಂದ ನಿಶ್ಚಯವಾಗುವುದಿಲ್ಲ, ಅದರ ಮೇಲೆ ಹೂಡಲು ಇರುವ ಎತ್ತು, ಉಪಕರಣ, ಬಂಡವಾಳದಿಂದ ನಿಶ್ಚಯವಾಗುತ್ತದೆ. ಬಂಡವಾಳವೇ ಇಲ್ಲದ ಕಡೆ ಭೂಮಿಯ ಮೇಲೆ ಕೈಗಳು ಹೆಚ್ಚಾಗಿ ಸುಮ್ಮನೆ ಕೂತಿವೆ. ಆ ಕೈಗಳಿಗೆ ಹೊಲದ ಹೊರಗೆ ಕೆಲಸ ಬೇಕು, ಅಂದರೆ ಕೈಗಾರಿಕೆ ಬೇಕು. ಯಾವ ಕೆಲಸಕ್ಕೆ ಯಾವ ಆಯುಧವೋ ಅದು. ಪಂಥನಿಷ್ಠೆ ಅವರಲ್ಲಿ ಹುಡುಕಿದರೂ ಸಿಗುವುದಿಲ್ಲ.

ಇಷ್ಟರಲ್ಲಿ ಶಾಸ್ತ್ರವೇ ಕಿರಿದಾಗತೊಡಗಿತು. 1932ರಲ್ಲಿ ಕ್ಯಾನನ್ ಅವರ ಇನ್ನೊಬ್ಬ ಶಿಷ್ಯ ಲಯೊನೆಲ್ ರಾಬಿನ್ಸ್, ಅರ್ಥಶಾಸ್ತ್ರವೆಂದರೆ ಕೊರತೆಯ ನಡುವೆ ಮನುಷ್ಯ ಮಾಡುವ ಆಯ್ಕೆಯ ಅಧ್ಯಯನ ಎಂಬ ವ್ಯಾಖ್ಯೆ ಕೊಟ್ಟರು. ನಮ್ಮ ಪದವಿ ತರಗತಿಗಳ ಮೊದಲ ಅಧ್ಯಾಯದಲ್ಲಿ ಕೂತಿರುವುದು ಅದೇ. ಆಯ್ಕೆ! ಹುಟ್ಟುವ ಮೊದಲೇ ಕಸುಬು ನಿಶ್ಚಯವಾದವನ ವಿಚಾರ ಅಲ್ಲಿಗೆ ಶಾಸ್ತ್ರದ ಹೊರಗೆ ಹೋಯಿತು.

ಇಲ್ಲಿ ಇನ್ನೊಬ್ಬ ಶಿಷ್ಯನ ಪ್ರಸ್ತಾಪ ಬರಬೇಕು. ಗಾಂಧಿಯವರ ಅರ್ಥಶಾಸ್ತ್ರಜ್ಞ ಜೆ.ಸಿ. ಕುಮಾರಪ್ಪ ಕೂಡ ಕೊಲಂಬಿಯಾದಲ್ಲಿ ಇದೇ ಸೆಲಿಗ್ಮನ್ ಕೈಕೆಳಗೆ ಓದಿದವರು. ಭಾರತದ ಬಡತನಕ್ಕೂ ಸರ್ಕಾರಿ ಹಣಕಾಸಿಗೂ ಇರುವ ನಂಟಿನ ಬಗ್ಗೆ 1928ರಲ್ಲಿ ಪ್ರಬಂಧ ಬರೆದವರು. ಒಬ್ಬನೇ ಗುರು, ಇಬ್ಬರು ಶಿಷ್ಯರು. ಒಬ್ಬರು ಹಳ್ಳಿಯ ಕಡೆ ನಡೆದರು, ಇನ್ನೊಬ್ಬರು ಹಳ್ಳಿಯಿಂದ ಆಚೆ ಬರುವ ದಾರಿ ಹುಡುಕಿದರು. ಇಂದಿನ ಪರಿಸರವಾದಿ ಬಹುತ್ವದಲ್ಲಿ ಕುಮಾರಪ್ಪನವರಿಗೆ ಮಣೆ ಸಿಕ್ಕಿದೆ, ಸಿಗಬೇಕಾದ್ದೇ. ಚರ್ಮ ಹದ ಮಾಡುವ ಕಸುಬಿಗೂ ಗೌರವ ತರಲು ದುಡಿದ ಪ್ರಾಮಾಣಿಕ ಮನುಷ್ಯ ಅವರು. ಆದರೆ ಆ ಕಸುಬನ್ನು ಬಿಟ್ಟುಹೋಗುವ ಹಕ್ಕು ಹದ ಮಾಡುವವನಿಗೆ ಉಂಟೋ ಎಂಬುದು ಅಂಬೇಡ್ಕರ್ ಕೇಳಿದ ಪ್ರಶ್ನೆ. 1936ರ 'ಜಾತಿ ವಿನಾಶ'ದಲ್ಲಿ ಅವರ ಆರ್ಥಿಕ ವಾದವೆಲ್ಲ ನಿಂತಿರುವುದು ಇದರ ಮೇಲೆ. ಕೆಲಸವನ್ನು ಹಂಚಿಕೊಳ್ಳುವುದು ಬೇರೆ. ಮನುಷ್ಯನ ಒಲವು ಶಕ್ತಿ ನೋಡದೆ ಕೆಲಸಗಾರರನ್ನೇ ಮೇಲೆ ಕೆಳಗೆ ಮಾಡಿ ಕಟ್ಟಿಹಾಕುವುದು ಬೇರೆ.

ಈ ವಾದದ ರುಜುವಾತು ಬೊಂಬಾಯಿಯ ಬಟ್ಟೆ ಗಿರಣಿಗಳಲ್ಲಿ ಇತ್ತು. ಗಿರಣಿಯೊಳಗೆ ಬೇರೆ ಖಾತೆಗಳಲ್ಲಿ ದಲಿತರಿದ್ದರು, ಹೆಚ್ಚು ಸಂಬಳದ ನೇಯ್ಗೆ ಖಾತೆಯಲ್ಲಿ ಮಾತ್ರ ಅವರಿಗೆ ಪ್ರವೇಶವಿಲ್ಲ. ಕಾರಣ ಲಾಳಿ. ಕಂಡಿಕೆ ಬದಲಿಸಿದಾಗ ನೂಲಿನ ತುದಿಯನ್ನು ಲಾಳಿಯ ಕಣ್ಣಿನಿಂದ ಬಾಯಲ್ಲಿ ಹೀರಿ ಎಳೆಯಬೇಕು. ಒಬ್ಬನ ಎಂಜಲು ಇನ್ನೊಬ್ಬನ ಬಾಯಿಗೆ. ದಲಿತ ಆ ಖಾತೆಗೆ ಬಂದರೆ ತಮ್ಮ ಜಾತಿ ಕೆಡುತ್ತದೆಂದು ಸವರ್ಣ ಕೆಲಸಗಾರರ ತಕರಾರು. 1928ರ ದೊಡ್ಡ ಮುಷ್ಕರದ ಹೊತ್ತಿನಲ್ಲಿ ಅಂಬೇಡ್ಕರ್ ಈ ಪ್ರಶ್ನೆಯನ್ನು ಯೂನಿಯನ್ ಮುಂದಾಳುಗಳ ಎದುರು ಇಟ್ಟರು.

ಈಗ ಪಂಥಗಳನ್ನು ಒಂದೊಂದಾಗಿ ಆ ಲಾಳಿಯ ಮುಂದೆ ತಂದು ನಿಲ್ಲಿಸಿ ನೋಡಿ. ಗ್ಯಾರಿ ಬೆಕರ್ 1957ರಲ್ಲಿ ಕಟ್ಟಿದ ಸಿದ್ಧಾಂತದ ಪ್ರಕಾರ ಭೇದಭಾವ ಎನ್ನುವುದು ಮಾಲೀಕನ ಒಂದು ರುಚಿ. ಆ ರುಚಿಗೆ ಅವನು ಬೆಲೆ ತೆರುತ್ತಾನೆ. ಪೈಪೋಟಿ ಹೆಚ್ಚಾದ ಹಾಗೆ ರುಚಿಯಿಲ್ಲದ ಮಾಲೀಕ ಗೆಲ್ಲುತ್ತಾನೆ, ಭೇದ ಸವೆಯುತ್ತದೆ. ಗಿರಣಿಗಳ ನಡುವೆ ಪೈಪೋಟಿಗೇನೂ ಕೊರತೆ ಇರಲಿಲ್ಲ, ಲಾಳಿಯ ಮೈಲಿಗೆ ಸವೆಯಲಿಲ್ಲ. ಬಾಗಿಲು ಮುಚ್ಚಿದ್ದರಿಂದ ಒಳಗಿದ್ದ ನೇಕಾರನ ಕೂಲಿಗೆ ರಕ್ಷಣೆ ಸಿಗುತ್ತಿತ್ತು, ಕೆಲಸಗಾರರು ಒಡೆದಿದ್ದರಿಂದ ಮಾಲೀಕನಿಗೂ ಲಾಭವಿತ್ತು. ಎಂಜಲು ಎಂಬುದು ರುಚಿಯಲ್ಲ, ಒಂದು ಬಗೆಯ ಆಸ್ತಿ. ಇನ್ನು ಮಾರ್ಕ್ಸ್‌ವಾದಿ ಮಿತ್ರರು. ಒಂದೇ ಮೇಲ್ಛಾವಣಿ, ಒಂದೇ ಮಾಲೀಕ, ಒಂದೇ ಶೋಷಣೆ ಇದ್ದಲ್ಲಿ ವರ್ಗಪ್ರಜ್ಞೆ ತಾನಾಗಿ ಹುಟ್ಟಬೇಕಿತ್ತು. ಬಾಗಿಲನ್ನು ಹಿಡಿದು ನಿಂತವನು ಕೆಲಸಗಾರನೇ ಆಗಿದ್ದ. ಜಾತಿ ಮೇಲುಕಟ್ಟಡದ ಮಾತು, ತಳಪಾಯ ಬದಲಾದರೆ ತಾನೇ ಬೀಳುತ್ತದೆ ಎನ್ನುವವರಿಗೆ ಲಾಳಿ ತಳಪಾಯದಲ್ಲೇ ಇತ್ತು ಅಂತ ನೆನಪಿಸಬೇಕು. ಅದು ಉತ್ಪಾದನೆಯ ಸಾಧನ, ಸ್ವಾಮಿ.

ಹಾಗಂತ ಅಂಬೇಡ್ಕರ್ ವರ್ಗದ ಪ್ರಶ್ನೆಯನ್ನು ಬಿಟ್ಟವರಲ್ಲ. ಅವರು 1936ರಲ್ಲಿ ಕಟ್ಟಿದ ಪಕ್ಷದ ಹೆಸರೇ ಸ್ವತಂತ್ರ ಕಾರ್ಮಿಕ ಪಕ್ಷ. 1937ರಲ್ಲಿ ಕೊಂಕಣದ ಖೋತಿ ಪದ್ಧತಿ ರದ್ದಿಗೆ ಮಸೂದೆ ತಂದರು; 1938ರ ನವೆಂಬರ್ 7ರಂದು ಕೈಗಾರಿಕಾ ವಿವಾದ ಮಸೂದೆಯ ವಿರುದ್ಧ ಕಮ್ಯುನಿಸ್ಟರ ಜೊತೆ ಸೇರಿಯೇ ಮುಷ್ಕರ ನಡೆಸಿದರು. ಅದೇ ವರ್ಷ ಫೆಬ್ರವರಿಯಲ್ಲಿ ಮನ್ಮಾಡಿನ ರೈಲ್ವೆ ದಲಿತ ಕೆಲಸಗಾರರ ಸಮ್ಮೇಳನದಲ್ಲಿ ಬ್ರಾಹ್ಮಣಶಾಹಿ, ಬಂಡವಾಳಶಾಹಿ ಎರಡೂ ನಮ್ಮ ಶತ್ರು ಎಂದರು. ಅಲ್ಲಿ ಅವರು ತೋರಿಸಿದ ಉದಾಹರಣೆ ಲಾಳಿಯದಕ್ಕೆ ಸೋದರ ಸಂಬಂಧಿ: ರೈಲ್ವೆಯಲ್ಲಿ ದಲಿತ ಗ್ಯಾಂಗ್‌ಮನ್ ಆಗಬಹುದು, ಪೋರ್ಟರ್ ಆಗುವಂತಿಲ್ಲ. ಯಾಕೆಂದರೆ ಪೋರ್ಟರ್ ಆದವನು ಸ್ಟೇಷನ್ ಮಾಸ್ತರರ ಮನೆಗೆಲಸವನ್ನೂ ಮಾಡಬೇಕು. ಉಗಿಬಂಡಿ ಬಂದರೆ ಜಾತಿ ಹೋಗುತ್ತದೆ ಎಂದು ಕಾಯುತ್ತಿದ್ದವರಿಗೆ ಉಗಿಬಂಡಿಯ ನಿಲ್ದಾಣದಲ್ಲೇ ಅಡುಗೆಮನೆ ಎದುರಾಯಿತು.

ಮುಖ್ಯಧಾರೆಯ ಅರ್ಥಶಾಸ್ತ್ರದಲ್ಲಿ ಜಾತಿಯನ್ನು ಗಂಭೀರವಾಗಿ ಹಿಡಿದ ಒಬ್ಬರನ್ನು ಇಲ್ಲಿ ನೆನೆಯಬೇಕು. ಜಾರ್ಜ್ ಅಕರ್ಲಾಫ್ ಎಂಬ ಅಮೆರಿಕನ್, ಒಂದು ವರ್ಷ ದೆಹಲಿಯಲ್ಲಿದ್ದು ಹೋದವರು, 1976ರಲ್ಲಿ ಜಾತಿಯ ಬಗ್ಗೆ ಒಂದು ಮಾದರಿ ಪ್ರಕಟಿಸಿದರು. ಕಟ್ಟು ಮುರಿದವನಿಗೆ ಬಹಿಷ್ಕಾರ. ಬಹಿಷ್ಕೃತನ ಜೊತೆ ಕೊಡುಕೊಳ್ಳುವವನಿಗೂ ಬಹಿಷ್ಕಾರ. ಇಷ್ಟಾದರೆ ಸಾಕು, ಒಳಗೊಳಗೇ ಯಾರಿಗೂ ಇಷ್ಟವಿಲ್ಲದಿದ್ದರೂ ಕಟ್ಟು ನಿಲ್ಲುತ್ತದೆ. ಬೆಕರ್‌ಗಿಂತ ಇದು ನಮ್ಮ ಊರಿಗೆ ಹತ್ತಿರ. ಆದರೆ 60 ವರ್ಷ ಮೊದಲೇ ಕೊಲಂಬಿಯಾದ ತರಗತಿಯಲ್ಲಿ ಬಹಿಷ್ಕಾರವನ್ನು ಜಾತಿಯ ಯಂತ್ರದೊಳಗೆ ಇಟ್ಟು ತೋರಿಸಿದ ಪ್ರಬಂಧ ಅರ್ಥಶಾಸ್ತ್ರದ ಯಾವ ಪಠ್ಯದಲ್ಲೂ ಕಾಣುವುದಿಲ್ಲ. ಮಾದರಿಯಲ್ಲಿ ಇಲ್ಲದ್ದು ಇನ್ನೂ ಒಂದಿದೆ: ಬಹಿಷ್ಕಾರ ಹಾಕುವ ಕೈ ಎಲ್ಲರಿಗೂ ಸಮನಾಗಿಲ್ಲ. 1928ರಲ್ಲಿ ಬೊಂಬಾಯಿ ಸರ್ಕಾರ ನೇಮಿಸಿದ, ಅಂಬೇಡ್ಕರ್ ಸದಸ್ಯರಾಗಿದ್ದ ಸ್ಟಾರ್ಟೆ ಸಮಿತಿ ಇದನ್ನು ನೇರವಾಗಿ ಬರೆದಿದೆ. ಹಕ್ಕು ಕೇಳಿದರೆ ಗೇಣಿ ಹೊಲ ಬಿಡಿಸುವುದು, ಕೂಲಿ ನಿಲ್ಲಿಸುವುದು, ಊರ ಚಾಕರಿಯ ಕಾಳು ತಡೆಯುವುದು, ದಾರಿ ಮುಚ್ಚುವುದು, ಅಂಗಡಿಯವನು ಉಪ್ಪು ಎಣ್ಣೆ ಕೊಡದ ಹಾಗೆ ಮಾಡುವುದು. ಬೆಳಗಾವಿ, ಬಿಜಾಪುರ, ಧಾರವಾಡ, ಉತ್ತರ ಕನ್ನಡ ಜಿಲ್ಲೆಗಳು ಆಗ ಆ ಪ್ರಾಂತದಲ್ಲೇ ಇದ್ದವು ಎಂಬುದನ್ನು ಮರೆಯದೆ ಇದನ್ನು ಓದಬೇಕು. ಹೊಲ ಇದ್ದವನು ಬಹಿಷ್ಕಾರ ಹಾಕಬಲ್ಲ. ಹೊಲವಿಲ್ಲದವನು ಯಾರಿಗೆ ಹಾಕುತ್ತಾನೆ? ಸಮತೋಲದ ಸಮೀಕರಣದಲ್ಲಿ ಈ ಏರುಪೇರಿಗೆ ಅಕ್ಷರವಿಲ್ಲ.

ನಮ್ಮ ತರಗತಿಗಳ ಸ್ಥಿತಿ ಹೇಳುವುದೇ ಬೇಡ. ಶ್ರಮದ ಚಲನಶೀಲತೆಗೆ ಅಡ್ಡಿಗಳು ಎಂಬ ಪಾಠದಲ್ಲಿ ಹವಾಮಾನ, ಭಾಷೆ, ಅವಿಭಕ್ತ ಕುಟುಂಬದ ಜೊತೆಗೆ ಜಾತಿಗೂ ಅರ್ಧ ಸಾಲು ಇರುತ್ತದೆ. ನಾನು ಪಾಠ ಮಾಡುವಾಗ ಹಾಸ್ಟೆಲಿನಿಂದ ಬರುವ ಹುಡುಗರು ಆ ಅರ್ಧ ಸಾಲಿಗೆ ಬಂದಾಗ ತಲೆ ಎತ್ತುತ್ತಾರೆ, ಅಷ್ಟರಲ್ಲಿ ಪಾಠ ಮುಂದಕ್ಕೆ ಹೋಗಿರುತ್ತದೆ. ಪರೀಕ್ಷೆಗೆ ಅಷ್ಟೇ ಸಾಕು. ಸುಖದೇವ್ ಥೋರಟ್ ಮತ್ತು ಪಾಲ್ ಆಟ್‌ವೆಲ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಖಾಸಗಿ ಕಂಪನಿಗಳ ಜಾಹೀರಾತಿಗೆ ಒಂದೇ ವಿದ್ಯಾರ್ಹತೆಯ ಅರ್ಜಿಗಳನ್ನು ಹೆಸರು ಮಾತ್ರ ಬದಲಿಸಿ ಕಳಿಸಿದ್ದರು. ಸಂದರ್ಶನಕ್ಕೆ ಕರೆ ಬರುವ ಸಂಭವದ ಅನುಪಾತ ಮೇಲ್ಜಾತಿ ಹೆಸರಿಗೆ 1 ಎಂದಾದರೆ ದಲಿತ ಹೆಸರಿಗೆ ಸುಮಾರು 0.67. ಇದು ಕಾಲೇಜಿನ ಪಠ್ಯಕ್ಕೆ ಬರಬೇಕಾದ ಅಂಕಿ. ಅರ್ಧ ಸಾಲಿನಲ್ಲಿ ಅದಕ್ಕೆ ಜಾಗವಿಲ್ಲ.

ಕೊನೆಗೆ ಭೂಮಿಯ ಮಾತು. ಬಹುತ್ವದ ಪ್ರಶ್ನೆ ಬರಿಯ ಪಠ್ಯಪುಸ್ತಕದ್ದಲ್ಲ ಅನ್ನುವುದು ಅಲ್ಲಿ ಗೊತ್ತಾಗುತ್ತದೆ. 1928ರಲ್ಲಿ ಅಂಬೇಡ್ಕರ್ ಬೊಂಬಾಯಿ ಶಾಸನಸಭೆಯಲ್ಲಿ 1874ರ ವಂಶಪಾರಂಪರ್ಯ ಹುದ್ದೆಗಳ ಕಾಯ್ದೆಗೆ ತಿದ್ದುಪಡಿ ತಂದರು. ಮಹಾರನಿಗೆ ವತನಿನ ತುಂಡು ಹೊಲ, ಕಣದಲ್ಲಿ ಒಂದಿಷ್ಟು ಕಾಳು. ಬದಲಿಗೆ ಹಗಲಿರುಳು ಸರ್ಕಾರದ, ಊರಿನ ಚಾಕರಿ. ಅವನು ಮನೆಯಲ್ಲಿಲ್ಲದಿದ್ದರೆ ಅವನ ಮನೆಯವರು ಹೋಗಬೇಕು. ಆಸ್ತಿ ಎಂದರೆ ಸ್ವಾತಂತ್ರ್ಯ ಎಂಬುದು ಎಲ್ಲ ಅರ್ಥಶಾಸ್ತ್ರದ ನಂಬಿಕೆ; ಇಲ್ಲಿ ಆಸ್ತಿಯೇ ಕಾಲಿನ ಸರಪಳಿ. ನಮ್ಮ ಕಡೆಯ ತೋಟಿ, ತಳವಾರ, ನೀರುಗಂಟಿಗಳ ಇನಾಂ ಜಮೀನಿನ ಕಥೆಯೂ ಇದೇ ಬಳಗದ್ದು. ಸತ್ತ ದನ ಹೊರುವುದು, ಸಾವಿನ ಸುದ್ದಿ ಒಯ್ಯುವುದು, ಅಧಿಕಾರಿಯ ಗಂಟು ಹೊರುವುದು, ಎಲ್ಲವೂ ಆ ತುಂಡು ನೆಲಕ್ಕೆ ಕಟ್ಟಿದ ಬಾಕಿ.

1961ರ ಕರ್ನಾಟಕ ಗ್ರಾಮ ಹುದ್ದೆಗಳ ರದ್ಧತಿ ಕಾಯ್ದೆ ಈ ಹುದ್ದೆಗಳನ್ನು ತೆಗೆದುಹಾಕಿತು, ಜಮೀನನ್ನು ಹುದ್ದೆಯಲ್ಲಿದ್ದವರಿಗೇ ಹಣ ಕಟ್ಟಿಸಿಕೊಂಡು ಮರುಮಂಜೂರು ಮಾಡಲು ದಾರಿ ಮಾಡಿತು. 1978ರ ತಿದ್ದುಪಡಿ ಅದರ ಪರಭಾರೆಗೆ 15 ವರ್ಷದ ನಿರ್ಬಂಧ ಹಾಕಿತು. ಅದೇ ಕಾಲದಲ್ಲಿ, ದೇವರಾಜ ಅರಸರ ಆಡಳಿತದ ಹೊತ್ತಿನಲ್ಲಿ, ದಲಿತರಿಗೆ ಸರ್ಕಾರ ಮಂಜೂರು ಮಾಡಿದ ಭೂಮಿ ಕೈಬಿಟ್ಟು ಹೋಗದ ಹಾಗೆ ಪರಭಾರೆ ನಿಷೇಧ ಕಾಯ್ದೆ ಬಂತು. ಜನರ ಬಾಯಲ್ಲಿ ಪಿಟಿಸಿಎಲ್. ಮಾರುವ ಸ್ವಾತಂತ್ರ್ಯವಿದ್ದರೆ ಭೂಮಿಗೆ ಬೆಲೆ ಬರುತ್ತದೆ, ಸಾಲ ಸಿಗುತ್ತದೆ, ಚೆನ್ನಾಗಿ ಉಳುವವನ ಕೈಗೆ ಹೋಗುತ್ತದೆ ಎಂಬುದು ಪಠ್ಯದ ಅರ್ಥಶಾಸ್ತ್ರ. ಮಾರುವವನು ಮದುವೆಗೋ ಆಸ್ಪತ್ರೆಗೋ ಸಾಲ ಮಾಡಿಕೊಂಡವನು, ಕೊಳ್ಳುವವನು ಸಾಲ ಕೊಟ್ಟವನೇ ಆಗಿರುವ ಊರಿನ ಅರ್ಥಶಾಸ್ತ್ರವನ್ನು ಈ ಕಾಯ್ದೆ ಬರೆದವರು ಬಲ್ಲವರಾಗಿದ್ದರು. 2017ರಲ್ಲಿ ಸುಪ್ರೀಂ ಕೋರ್ಟು ಭೂಮಿ ವಾಪಸು ಕೇಳುವ ಅರ್ಜಿ ಸಮಂಜಸ ಕಾಲದೊಳಗೆ ಬರಬೇಕೆಂದಿತು. 2023ರಲ್ಲಿ ರಾಜ್ಯ ತಿದ್ದುಪಡಿ ತಂದು ಕಾಲಮಿತಿ ಇಲ್ಲವೆಂದಿತು. ಈ ಜಗ್ಗಾಟದಲ್ಲಿ ಎರಡು ಅರ್ಥಶಾಸ್ತ್ರಗಳು ಹೋರಾಡುತ್ತಿವೆ, ಯಾವ ವಿಶ್ವವಿದ್ಯಾಲಯದ ಬಹುತ್ವಕ್ಕೂ ಕಾಯದೆ.

ಒಂದು ವಿಷಯವನ್ನು ಭೂಮಿಯ ಕೇಸು ನಡೆಸುವ ಗೆಳೆಯರು ಗಮನಿಸಿರಬಹುದು. ಪಿಟಿಸಿಎಲ್ ಕಾಯ್ದೆಯಲ್ಲಿ 'ಮಂಜೂರಾದ ಭೂಮಿ' ಎಂದರೆ ಏನೆಂದು ಹೇಳುವ ಕಲಮಿದೆ. ಭೂಸುಧಾರಣೆ, ಭೂಮಿತಿ, ಇನಾಂ ರದ್ಧತಿ ಕಾನೂನುಗಳಡಿ ಬಂದ ಜಮೀನೆಲ್ಲ ಅದರೊಳಗೆ ಸೇರುತ್ತದೆ. ವಂಶಪಾರಂಪರ್ಯ ಹುದ್ದೆಗೆ ಸಂಬಂಧಪಟ್ಟ ಕಾನೂನಿನಡಿ ಬಂದದ್ದನ್ನು ಮಾತ್ರ ಹೊರಗಿಟ್ಟಿದ್ದಾರೆ. ಅಂದರೆ ತಲೆತಲಾಂತರ ಹೆಣ ಹೊತ್ತು, ಹಲಗೆ ಬಡಿದು, ರಾತ್ರಿ ಕಾವಲು ಕಾದು ಉಳಿಸಿಕೊಂಡ ತೋಟಿ ಇನಾಂತಿಯ ಆ ಹೊಲ, ಆ 15 ವರ್ಷ ಮುಗಿದ ಮೇಲೆ, ಯಾವ ಬೇಲಿಯೂ ಇಲ್ಲದೆ ಮಾರುಕಟ್ಟೆಯಲ್ಲಿ ನಿಂತಿದೆ.